ಗುರುತಿಲ್ಲದ ಚಿಪ್ ಎದುರಾದರೆ ಕೋಡ್ ಅಲ್ಲೇ ನಿಲ್ಲಲಿ

ಲ್ಯಾಪ್‌ಟಾಪ್ ಎಂದರೆ ಇಂಟೆಲ್ ಅಥವಾ ಎಎಂಡಿ ಎನ್ನುವ ಕಾಲ ಹೋಯಿತು. 2020ರ ನವೆಂಬರ್‌ನಲ್ಲಿ ಆಪಲ್‌ನ ಎಂ1 ಬಂದ ಮೇಲೆ ಆರ್ಮ್ ಮೇಜಿನ ಮೇಲೂ ಕೂತಿತು. 2010ರಲ್ಲಿ ಬರ್ಕ್ಲಿಯಲ್ಲಿ ಹುಟ್ಟಿದ ರಿಸ್ಕ್-ಫೈವ್ ಆಧಾರದಲ್ಲಿ ಐಐಟಿ ಮದ್ರಾಸ್ 'ಶಕ್ತಿ'ಯನ್ನೂ ಸಿ-ಡ್ಯಾಕ್ 'ವೇಗ'ವನ್ನೂ ರೂಪಿಸಿವೆ. ಆದರೆ ಚಿಪ್ ಸಿದ್ಧವಾದ ಮಾತ್ರಕ್ಕೆ ಹಳೆಯ ಸಾಫ್ಟ್‌ವೇರ್ ಅದರ ಮೇಲೆ ಓಡಿಬಿಡುವುದಿಲ್ಲ. ಎಷ್ಟೋ ಸಲ ಅಡ್ಡಿ ಇರುವುದು ಹೆಡರ್ ಫೈಲಿನ ನಾಲ್ಕಾರು ಸಾಲುಗಳಲ್ಲಿ.

ಸಿ ಅಥವಾ ಸಿ++ ಕೋಡನ್ನು ಕಂಪೈಲ್ ಮಾಡುವಾಗ, ಯಾವ ಪ್ರೊಸೆಸರ್‌ಗಾಗಿ ಕೆಲಸ ನಡೆದಿದೆ ಎಂಬುದನ್ನು ಕಂಪೈಲರೇ ಕೆಲವು ಮ್ಯಾಕ್ರೊಗಳ ಮೂಲಕ ತಿಳಿಸುತ್ತದೆ. ಜಿಸಿಸಿ ಮತ್ತು ಕ್ಲ್ಯಾಂಗ್ ಒಂದು ಹೆಸರು ಕೊಟ್ಟರೆ ಮೈಕ್ರೋಸಾಫ್ಟ್‌ನ ಕಂಪೈಲರ್ ಇನ್ನೊಂದು ಕೊಡುತ್ತದೆ. ಎರಡನ್ನೂ ಪರೀಕ್ಷಿಸಿದರೆ ಆಯಿತು, ಇದು ದೊಡ್ಡ ತಲೆನೋವಲ್ಲ. ತಲೆನೋವು ಇರುವುದು ಕೊನೆಯ 'ಎಲ್ಸ್'ನಲ್ಲಿ.

'ಎಕ್ಸ್86-64 ಆಗಿದ್ದರೆ ವಿಳಾಸಕ್ಕೆ 64 ಬಿಟ್, ಇಲ್ಲದಿದ್ದರೆ 32' ಎಂದು ಬರೆದ ಕೋಡನ್ನು 64 ಬಿಟ್ ಆರ್ಮ್‌ಗೆ ಒಯ್ದರೆ ಏನಾಗುತ್ತದೆ ನೋಡಿ. ಸಿ ಕೋಡಾದರೆ ಕಂಪೈಲರ್ ಸಾಮಾನ್ಯವಾಗಿ ಒಂದು ಎಚ್ಚರಿಕೆಯಷ್ಟೇ ಕೊಟ್ಟು ಮುಂದೆ ಹೋಗುತ್ತದೆ. ಪಾಯಿಂಟರ್‌ನ ಮೇಲಿನ ಅರ್ಧ ಕತ್ತರಿಸಿ ಹೋಗುತ್ತದೆ. ವಿಳಾಸ 4 ಜಿಬಿ ಗಡಿಯ ಒಳಗಿರುವವರೆಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆಮೇಲೆ ಪ್ರೋಗ್ರಾಮ್ ಎಲ್ಲೋ ಸಂಬಂಧವಿಲ್ಲದ ಜಾಗದಲ್ಲಿ ಕುಸಿಯುತ್ತದೆ. ಮ್ಯಾಕ್ರೊ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೂ ಇದೇ ಗತಿ. ವ್ಯಾಖ್ಯಾನವಿಲ್ಲದ ಹೆಸರನ್ನು ಪ್ರೀಪ್ರೊಸೆಸರ್ ಸೊನ್ನೆ ಎಂದೇ ಓದಿಕೊಳ್ಳುತ್ತದೆ, ಚಕಾರ ಎತ್ತುವುದಿಲ್ಲ. ಈ 'ಎಲ್ಸ್'ನಲ್ಲಿ ಊಹೆಯ ಬದಲು 'ಎರರ್' ಆದೇಶ ಇದ್ದಿದ್ದರೆ ದಿನಗಟ್ಟಲೆಯ ಹುಡುಕಾಟ ಒಂದು ನಿಮಿಷದಲ್ಲಿ ಮುಗಿಯುತ್ತಿತ್ತು.

ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋಗಿ ಕೇಳಬೇಕು: ಚಿಪ್‌ನ ಹೆಸರು ನಮಗೆ ನಿಜಕ್ಕೂ ಬೇಕೆ? ಒಂದೇ ಎಕ್ಸ್86-64 ಯಂತ್ರದಲ್ಲಿ 'ಲಾಂಗ್' ಎಂಬ ಪೂರ್ಣಾಂಕ ಲಿನಕ್ಸ್‌ನಲ್ಲಿ 8 ಬೈಟ್, 64 ಬಿಟ್ ವಿಂಡೋಸ್‌ನಲ್ಲಿ 4 ಬೈಟ್. ಪವರ್‌ಪಿಸಿ ಎಂದರೆ ಬಿಗ್ ಎಂಡಿಯನ್ ಎಂದು ನಂಬಿದ್ದ ಕೋಡ್, ಅದೇ ಕುಟುಂಬದಲ್ಲಿ ಲಿಟಲ್ ಎಂಡಿಯನ್ ಲಿನಕ್ಸ್ ಬಂದಾಗ ಕೆಟ್ಟಿತು. ರಿಸ್ಕ್-ಫೈವ್ ಎಂಬ ಗುರುತೂ ಅರ್ಧ ಉತ್ತರವೇ: ಸಿ-ಡ್ಯಾಕ್‌ನ ತೇಜಸ್32 ಚಿಪ್ 32 ಬಿಟ್, ತೇಜಸ್64 ಚಿಪ್ 64 ಬಿಟ್. ಬೇಕಾದದ್ದು ಪಾಯಿಂಟರ್‌ನ ಗಾತ್ರವಾದರೆ ಅದನ್ನೇ ಕೇಳೋಣ, ಬೈಟ್ ಕ್ರಮವಾದರೆ ಅದನ್ನೇ. ಜಿಸಿಸಿ, ಕ್ಲ್ಯಾಂಗ್ ಎರಡರಲ್ಲೂ ಇವಕ್ಕೆ ಪ್ರತ್ಯೇಕ ಮ್ಯಾಕ್ರೊಗಳಿವೆ.

ಹೆಸರೇ ಬೇಕಾಗುವ ಸಂದರ್ಭಗಳೂ ಇವೆ, ಅಸೆಂಬ್ಲಿ ಬರೆಯುವಾಗಿನಂತೆ. ಅಲ್ಲಿ ಪರೀಕ್ಷೆಯ ಕ್ರಮವೂ ಮುಖ್ಯ. ಮೈಕ್ರೋಸಾಫ್ಟ್‌ನ ಆರ್ಮ್64ಇಸಿ ವಿಧಾನದಲ್ಲಿ ತಯಾರಾಗುವುದು ಆರ್ಮ್ ಸೂಚನೆಗಳು. ಆದರೂ ಹಳೆಯ ಕೋಡ್ ಜತೆ ಹೊಂದಲೆಂದು ಕಂಪೈಲರ್ ಎಕ್ಸ್64 (ಅಂದರೆ ಎಕ್ಸ್86-64) ಮ್ಯಾಕ್ರೊವನ್ನೂ ವ್ಯಾಖ್ಯಾನಿಸುತ್ತದೆ. ಎಕ್ಸ್64 ಪರೀಕ್ಷೆಯನ್ನು ಮೊದಲಿಟ್ಟವರು ದಾರಿ ತಪ್ಪುವುದು ಇಲ್ಲೇ.

ಸಾರ್ವಜನಿಕ ಹಣದಲ್ಲಿ ದೇಸಿ ಚಿಪ್ ರೂಪಿಸುವಾಗ, ಅದರ ಮೇಲೆ ಓಡಬೇಕಾದ ಮುಕ್ತ ಲೈಬ್ರರಿಗಳ ಇಂಥ ಸಾಲುಗಳನ್ನು ತಿದ್ದುವವರಿಗೂ ಸಂಬಳ ಇರಬೇಕು. ಬೋರ್ಡ್ ಕೈಗೆ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಉಚಿತವಾಗಿ ಸಿಗುವ ಕ್ಯೂಎಮು ಎಮ್ಯುಲೇಟರ್‌ನಲ್ಲಿ 32 ಮತ್ತು 64 ಬಿಟ್ ರಿಸ್ಕ್-ಫೈವ್ ಎರಡನ್ನೂ, ಬಿಗ್ ಎಂಡಿಯನ್‌ಗಾಗಿ ಐಬಿಎಂನ ಎಸ್390ಎಕ್ಸ್ ಅನ್ನೂ ಇವತ್ತೇ ಓಡಿಸಿ ನೋಡಬಹುದು.