ಅಕ್ಕನ ಹೆಸರೆಲ್ಲಿ?

ಬೀದರಿನ ಚೌಬಾರಾ ಸುತ್ತಿನ ಮಳಿಗೆಗಳು, ಭಾಲ್ಕಿಯ ಬಜಾರಿನ ಅಂಗಡಿಗಳು, ಔರಾದ ಬಸ್ ನಿಲ್ದಾಣದ ಹತ್ತಿರದ ಕೋಣೆಗಳು: ಇವುಗಳ ಕಿರಾಯಿ ಕರಾರುಪತ್ರಗಳನ್ನು ಒಮ್ಮೆ ಬಿಚ್ಚಿ ಓದಿ. ಎಷ್ಟೋ ಬಾಂಡುಗಳ ಮೊದಲ ಸಾಲೇ ಹೀಗಿರುತ್ತದೆ: ‘ಸದರಿ ಆಸ್ತಿಗೆ ನಾನೇ ಸಂಪೂರ್ಣ ಮಾಲೀಕನಿದ್ದು.’ ಕಟ್ಟಿಸಿದವನು ಅಪ್ಪ. ಅವನು ಮೃತ್ಯುಪತ್ರ ಬರೆಯದೆ ತೀರಿಕೊಂಡಿದ್ದಾನೆ. ಒಬ್ಬ ಮಗಳು ಉದಗೀರದಲ್ಲಿ, ಇನ್ನೊಬ್ಬಳು ನಾರಾಯಣಖೇಡದಲ್ಲಿ ಸಂಸಾರ ಮಾಡಿಕೊಂಡಿದ್ದಾರೆ. ಅವ್ವ ಹಿಂದಿನ ಕೋಣೆಯಲ್ಲಿ ಕೂತಿದ್ದಾಳೆ. ಇಷ್ಟು ಜನ ಇರುವಾಗ ಈ ‘ನಾನೇ’ ಎಲ್ಲಿಂದ ಬಂತು?

ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಬೇಕೆಂದು ಕಾನೂನು ಹೇಳುವುದರಿಂದ ನಾವು ಹನ್ನೊಂದು ತಿಂಗಳಿಗೆ ಬರೆಸುತ್ತೇವೆ. ಅಂದರೆ ಹನ್ನೊಂದು ತಿಂಗಳಿಗೊಮ್ಮೆ ಅದೇ ಸುಳ್ಳನ್ನು ಹೊಸ ಛಾಪಾ ಕಾಗದದ ಮೇಲೆ, ಇಬ್ಬರು ಸಾಕ್ಷಿಗಳ ಎದುರು, ನಾವೇ ದುಡ್ಡು ಕೊಟ್ಟು ಹೇಳಿಸುತ್ತಿದ್ದೇವೆ.

ಹಿಂದೂ ಉತ್ತರಾಧಿಕಾರ ಕಾಯ್ದೆ ಜಾರಿಗೆ ಬಂದದ್ದು 1956ರ ಜೂನ್ 17ರಂದು. ಆಗ ಬೀದರ್ ಇನ್ನೂ ಹೈದರಾಬಾದ್ ರಾಜ್ಯದಲ್ಲಿತ್ತು, ಮೈಸೂರು ರಾಜ್ಯಕ್ಕೆ ಸೇರಿದ್ದು ಆ ವರ್ಷದ ನವೆಂಬರ್ 1ಕ್ಕೆ. ಕನ್ನಡನಾಡಿಗೆ ಸೇರುವ ಮೊದಲೇ ಈ ಜಿಲ್ಲೆಯ ಮಗಳಿಗೆ ಅಪ್ಪನ ಸ್ವಯಾರ್ಜಿತ ಆಸ್ತಿಯಲ್ಲಿ ಮಗನಷ್ಟೇ ಪಾಲು ಸಿಕ್ಕಿತ್ತು. ಅವ್ವನಿಗೂ ಅಷ್ಟೇ. ಪಿತ್ರಾರ್ಜಿತದಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಎಂದು ಕರ್ನಾಟಕ 1994ರಲ್ಲಿ ಹೇಳಿತು, 2005ರಲ್ಲಿ ದೇಶವೇ ಹೇಳಿತು. ಅಪ್ಪ 2005ಕ್ಕೆ ಮುಂಚೆ ತೀರಿಕೊಂಡಿದ್ದರೆ ಹೇಗೆ ಎಂಬ ತಕರಾರನ್ನೂ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರ ತೀರ್ಪಿನಲ್ಲಿ ಮುಗಿಸಿತು. ಮುಸ್ಲಿಂ ಮನೆಗಳಲ್ಲಿ ಲೆಕ್ಕ ಬೇರೆ: ಮಕ್ಕಳಿರುವಾಗ ಗಂಡನನ್ನು ಕಳೆದುಕೊಂಡವಳಿಗೆ ಎಂಟನೇ ಒಂದು ಪಾಲು, ಮಗಳಿಗೆ ಮಗನ ಅರ್ಧ. ಆ ಅರ್ಧವಾದರೂ ಅವಳ ಕೈ ಸೇರಿದೆಯೇ ಎಂದು ಅವರವರ ಓಣಿಯಲ್ಲಿ ಕೇಳಿಕೊಳ್ಳಲಿ.

ಇನ್ನೊಂದು ಮಾತು ನಮ್ಮಲ್ಲಿ ಬಹಳ ಜನರಿಗೆ ತಿಳಿದಿಲ್ಲ. 2005ರವರೆಗೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 23ನೇ ಕಲಮು ಹೆಣ್ಣುಮಕ್ಕಳಿಗೆ ಅಡ್ಡ ನಿಂತಿತ್ತು. ಗಂಡುಮಕ್ಕಳು ಪಾಲಾಗುವ ತನಕ ವಾಸದ ಮನೆಯಲ್ಲಿ ಹೆಣ್ಣುಮಕ್ಕಳು ಪಾಲು ಕೇಳುವಂತಿರಲಿಲ್ಲ. ಆದರೆ ಆ ಅಡ್ಡಿ ಇದ್ದದ್ದು ಮನೆಯವರೇ ಪೂರ್ತಿ ವಾಸವಿದ್ದ ಮನೆಗೆ ಮಾತ್ರ. ಕಿರಾಯಿಗೆ ಕೊಟ್ಟ ಮಳಿಗೆಗೆ ಅದು ಯಾವತ್ತೂ ತಾಗಲಿಲ್ಲ. ಕಾನೂನು ಅನ್ಯಾಯ ಮಾಡುತ್ತಿದ್ದ ಕಾಲದಲ್ಲೂ ನಮ್ಮಷ್ಟು ಮಾಡಲಿಲ್ಲ.

ನಾವು ಮಾಡುವುದು ಹೇಗೆ? ಪಂಚಮಿಗೆ ಅಕ್ಕನನ್ನು ಕರೆಸುತ್ತೇವೆ. ಅಳ್ಳು, ಉಂಡಿ, ಜೋಕಾಲಿ ಎಲ್ಲ ಆಗುತ್ತದೆ. ಮರುದಿನ ಉಡಿ ತುಂಬಿ, ಹೊಸ ಸೀರೆ ಉಡಿಸಿ, ಸಬ್‌ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ಯುತ್ತೇವೆ. ‘ಏನ್ ಕಾಗದ ತಮ್ಮಾ ಇದು?’ ಎಂದು ಕೇಳಿದರೆ ‘ಏನಿಲ್ಲ ಬಿಡಕ್ಕಾ, ಖಾತಾ ಬದಲಿ ಮಾಡಸ್ಲತ್ತೀನಿ’ ಎನ್ನುತ್ತೇವೆ. ಅದು ಹಕ್ಕು ಬಿಡುಗಡೆ ಪತ್ರ. ಅವಳ ಹೆಬ್ಬೆರಳಿನ ಮಸಿ ಒರೆಸಲು ಹೊಸ ಸೀರೆಯ ಸೆರಗು ಇದ್ದೇ ಇದೆ. ಇದೂ ಬೇಡವಾದವರು ವಂಶಾವಳಿಯಲ್ಲೇ ಹೆಣ್ಣುಮಕ್ಕಳ ಹೆಸರು ಬಿಟ್ಟು ಪ್ರಮಾಣ ಮಾಡಿ ಖಾತೆ ಏರಿಸಿಕೊಳ್ಳುತ್ತಾರೆ. ಬದುಕಿದ್ದವರನ್ನು ಹುಟ್ಟಲೇ ಇಲ್ಲವೆಂದು ಬರೆಯುವ ಕೈ ನಡುಗುವುದಿಲ್ಲವೇ?

ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ನಿಜಾಮನ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಹೊರಗೊಂದು ಒಳಗೊಂದು ಮಾಡಿದ್ದು ಕಸಿದುಕೊಂಡದ್ದನ್ನು ಮಕ್ಕಳಿಗೆ ಮರಳಿ ಕೊಡಲಿಕ್ಕೆ. ಅದೇ ನೆಲದಲ್ಲಿ ನಾವು ಹೊರಗೆ ತವರಿನ ಪ್ರೀತಿ ತೋರಿಸಿ ಒಳಗೆ ಅಕ್ಕನ ಪಾಲು ಅಳಿಸುತ್ತಿದ್ದೇವೆ.

‘ಮಳಿಗೆ ತುಂಡು ತುಂಡಾಗುತ್ತದೆ’ ಎನ್ನುವವರಿಗೆ ಉತ್ತರ ಸರಳ. ಗೋಡೆ ಎಬ್ಬಿಸುವ ಗರಜು ಇಲ್ಲ. ಎಲ್ಲರ ಹೆಸರಲ್ಲಿ ಜಂಟಿ ಖಾತೆ ಇರಲಿ, ಪಾಲು ಎಷ್ಟೆಂದು ಬರೆದಿರಲಿ, ಕಿರಾಯಿ ಅದೇ ಪ್ರಮಾಣದಲ್ಲಿ ಅವರವರ ಬ್ಯಾಂಕಿಗೆ ಹೋಗಲಿ. ಪಾಲು ನಿಗದಿಯಿದ್ದರೆ ಆದಾಯ ತೆರಿಗೆಯೂ ಒಬ್ಬೊಬ್ಬರಿಗೆ ಬೇರೆ ಬೇರೆಯೇ. ಇನ್ನು ‘ಮದುವೆಯಲ್ಲಿ ಕೊಟ್ಟಿದ್ದೇವಲ್ಲ’ ಎಂಬ ಮಾತು. ವರದಕ್ಷಿಣೆ ಕೊಟ್ಟದ್ದನ್ನು ಜಮಾ ಖರ್ಚಿನಲ್ಲಿ ಬರೆಯುವ ಧೈರ್ಯ ಇದ್ದವರು ಮುಂದೆ ಬರಲಿ!

ಈಗ ಅಕ್ಕಂದಿರಿಗೆ. ಸಾದಾ ಕಾಗದದ ಮೇಲೆ ಪಂಚರ ಮುಂದೆ ಬರೆಸಿಕೊಂಡ, ನೋಂದಣಿಯಾಗದ ಬಿಡುಗಡೆಯಿಂದ ನಿಮ್ಮ ಪಾಲು ಹೋಗುವುದಿಲ್ಲ. ಖಾತೆ ತಮ್ಮನ ಹೆಸರಿಗೆ ಏರಿದ ಮಾತ್ರಕ್ಕೂ ಹೋಗುವುದಿಲ್ಲ. ಖಾತೆ ತೆರಿಗೆಯ ದಾಖಲೆ, ಒಡೆತನದ್ದಲ್ಲ. ಆದರೆ ಸುಮ್ಮನೆ ಕೂಡಬೇಡಿ. ಕೂಡು ಕುಟುಂಬದ ಆಸ್ತಿಯಿಂದ ನಿಮ್ಮನ್ನು ಹೊರಗಿಟ್ಟದ್ದು ಗೊತ್ತಾದ ಮೇಲೆ ದಾವೆಗೆ ಇರುವುದು ಹನ್ನೆರಡು ವರ್ಷ. ನೀವಿರುವುದು ಮಹಾರಾಷ್ಟ್ರವಾಗಲಿ ತೆಲಂಗಾಣವಾಗಲಿ, ಆಸ್ತಿ ಎಲ್ಲಿದೆಯೋ ಅಲ್ಲಿಯ ಕೋರ್ಟಿಗೇ ಬರಬೇಕು.

ವಕೀಲರಿಗೆ ಕೊಡಲು ದುಡ್ಡಿಲ್ಲವೇ? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಹೆಣ್ಣುಮಗಳಿಗೆ ಆದಾಯದ ಮಿತಿಯೇ ಇಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಬೀದರಿನ ಜಿಲ್ಲಾ ನ್ಯಾಯಾಲಯದಲ್ಲಿ ಪ್ರಾಧಿಕಾರದ ಕಚೇರಿಯಿದೆ, ತಾಲ್ಲೂಕುಗಳಲ್ಲಿ ಸಮಿತಿಗಳಿವೆ, ಫೋನು 15100. ಅದೂ ಬೇಡವೆಂದರೆ ನಿಮ್ಮ ದಾವೆಯನ್ನು ನೀವೇ ನಡೆಸಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಮೂರನೇ ಆದೇಶ ಪಕ್ಷಕಾರರು ಸ್ವತಃ ಹಾಜರಾಗಬಹುದು ಎನ್ನುತ್ತದೆ. ಕೆಳಗಿನ ಕೋರ್ಟಿನಲ್ಲಿ ಕನ್ನಡ ನಡೆಯುತ್ತದೆ. ನಿಮ್ಮ ಪರವಾಗಿ ಮುಖ್ತಿಯಾರ್ ಪತ್ರ ಹಿಡಿದು ಬಂದ ಗಂಡ ಕಾಗದ ಸಲ್ಲಿಸಬಹುದೇ ಹೊರತು ಕೋರ್ಟಿನ ಅನುಮತಿ ಇಲ್ಲದೆ ವಾದ ಮಾಡುವಂತಿಲ್ಲ. ನೀವು ಮಾತ್ರ ನಿಮ್ಮ ಮಾತು ನೇರವಾಗಿ ಆಡಬಹುದು.

ನನ್ನನ್ನು ಕೇಳಿದರೆ ಉಚಿತ ವಕೀಲರನ್ನು ಪಡೆಯುವುದೇ ಮೇಲು. ಪಾಲಿನ ದಾವೆ ಒಂದೇ ತೀರ್ಪಿಗೆ ಮುಗಿಯುವುದಿಲ್ಲ. ಮೊದಲು ಪ್ರಾಥಮಿಕ ಡಿಕ್ರಿ, ಪಾಲು ಎಷ್ಟೆಂದು ಹೇಳುತ್ತದೆ. ಗೆದ್ದೆವೆಂದು ಪೇಢೆ ಹಂಚಿ ಊರಿಗೆ ಹೋದವರು ಅಂತಿಮ ಡಿಕ್ರಿ ಆಗದೆ ಒಂದು ರೂಪಾಯಿ ಕಿರಾಯಿ ಕಾಣದೆ ಉಳಿಯುತ್ತಾರೆ. ಅಂತಿಮ ಡಿಕ್ರಿಗೆ ಇನ್ನೊಂದು ಅರ್ಜಿಗಾಗಿ ಕಾಯದೆ ವಿಚಾರಣಾ ಕೋರ್ಟುಗಳೇ ಮುಂದುವರಿಸಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ, ನೀವೂ ನೆನಪಿಸಿ. ದಾವೆಯಲ್ಲೇ ಹಿಂದಿನ ಕಿರಾಯಿಯ ಲೆಕ್ಕವನ್ನೂ ಕೇಳಿ. ತಾರೀಖು ತಪ್ಪಿಸಬೇಡಿ. ವಕೀಲರಿಲ್ಲ ಎಂಬ ಒಂದೇ ಕಾರಣಕ್ಕೆ ಮಾತ್ರ ಬಿಟ್ಟುಕೊಡಬೇಡಿ.

ಬೀದರ್, ಭಾಲ್ಕಿ, ಔರಾದದ ವಕೀಲರೇ, ಕೈಯಲ್ಲಿ ಪ್ಲಾಸ್ಟಿಕ್ ಚೀಲದ ಕಾಗದ ಹಿಡಿದು ಒಬ್ಬಳೇ ನಿಂತವಳನ್ನು ಕಂಡು ನಗಬೇಡಿ, ಎದುರು ಪಕ್ಷದವರಾದರೂ ಅವಳಿಗೆ ಕೋರ್ಟ್ ಹಾಲ್ ತೋರಿಸಿ. ದಸ್ತಾವೇಜು ಬರೆಯುವವರೇ, ‘ಹಕ್ಕು ಬಿಡುಗಡೆ’ ಎಂಬ ಶಬ್ದವನ್ನು ಅವಳ ಎದುರು ಗಟ್ಟಿಯಾಗಿ ಓದಿ, ಆಮೇಲೆ ಮಸಿಯ ಡಬ್ಬಿ ತೆಗೆಯಿರಿ.

ಅಣ್ಣತಮ್ಮಂದಿರೇ, ನಿಮ್ಮ ಮಳಿಗೆಯ ಹನ್ನೊಂದು ತಿಂಗಳು ಯಾವಾಗ ಮುಗಿಯುತ್ತದೆ ನೋಡಿಕೊಳ್ಳಿ. ಹೊಸ ಬಾಂಡ್ ಕೊಳ್ಳುವ ಮುಂಚೆ ಅಕ್ಕನಿಗೆ ಫೋನ್ ಮಾಡಿ ಅವಳ ಬ್ಯಾಂಕ್ ಖಾತೆಯ ನಂಬರು ಕೇಳಿ. ಯಾಕೆಂದು ಅವಳು ಕೇಳುತ್ತಾಳೆ, ಹೇಳಿ. ಆಮೇಲೆ ಟೈಪಿಸ್ಟನ ಹತ್ತಿರ ಹೋಗಿ ‘ನಾನೇ ಸಂಪೂರ್ಣ ಮಾಲೀಕನಿದ್ದು’ ಇದ್ದ ಜಾಗದಲ್ಲಿ ಅವ್ವನ ಹೆಸರು, ಅಕ್ಕನ ಹೆಸರು, ನಿಮ್ಮ ಹೆಸರು, ಈ ಕ್ರಮದಲ್ಲಿ ಹೊಡೆಸಿ.