ನಾವೇ ಇಟ್ಟುಕೊಂಡ ಹೆಸರು

ನಿನ್ನದೇ ಆಗಿದ್ದರೂ ನಿನಗಿಂತ ಹೆಚ್ಚಾಗಿ ಪರರೇ ಬಳಸುವ ವಸ್ತು ಯಾವುದು ಎಂಬ ಒಗಟನ್ನು ನಾವೆಲ್ಲರೂ ಚಿಕ್ಕಂದಿನಲ್ಲಿ ಬಿಡಿಸಿದ್ದೇವೆ. ಉತ್ತರ, ಹೆಸರು. ಆದರೆ ಆ ಒಗಟು ಹೇಳದೆ ಬಿಟ್ಟ ಸಂಗತಿ ಇನ್ನೊಂದುಂಟು. ಹೆಸರನ್ನು ಬಳಸುವವರಂತೆ ಇಡುವವರೂ ಪರರೇ. ತೊಟ್ಟಿಲಲ್ಲಿ ಮಲಗಿರುವ ಕೂಸನ್ನು ಕೇಳಿ ಯಾರೂ ಹೆಸರಿಡುವುದಿಲ್ಲ. ಅಜ್ಜನ ಹೆಸರೋ, ಮನೆದೇವರ ಹೆಸರೋ, ಆ ವರ್ಷ ಓಡಿದ ಸಿನಿಮಾದ ನಾಯಕಿಯ ಹೆಸರೋ ನಮ್ಮ ಪಾಲಿಗೆ ಬರುತ್ತದೆ. ಬಾಳೆಲ್ಲ ಅದಕ್ಕೆ ಓಗೊಡುತ್ತೇವೆ.

ಹೀಗಿರುವಲ್ಲಿ, ಮೊಬೈಲು ಕೈಗೆ ಬಂದ ದಿನ ನಮ್ಮ ಮುಂದೆ ಒಂದು ಖಾಲಿ ಚೌಕ ತೆರೆದುಕೊಂಡು, ಯಾವ ಹೆಸರಿನಿಂದ ನಿನ್ನನ್ನು ಗುರುತಿಸಬೇಕು ಎಂದು ಕೇಳುತ್ತದೆ. ಅಲ್ಲಿ ತುಂಬುವ ಹೆಸರಿಗೆ ಯೂಸರ್‌ನೇಮ್ ಎನ್ನುತ್ತಾರೆ. ಇದೊಂದು ಹುಡುಗಾಟದ ವಿಷಯವೆಂದು ಹಿರಿಯರು ನಗಬಹುದು. ನನಗಂತೂ ಹಾಗೆ ತೋರುವುದಿಲ್ಲ. ಅದಕ್ಕೆ ಕಾರಣವನ್ನು ನನ್ನ ಮನೆಯಿಂದಲೇ ಹೇಳಬಲ್ಲೆ.

ನನ್ನ ಅಜ್ಜಿ ಯಸಳೂರಿನ ಕಡೆಯ ಕಾಫಿ ತೋಟದಲ್ಲಿ ನಲವತ್ತು ವರ್ಷ ದುಡಿದವರು. ರೈಟರು ತಮಗೆ ಕೇಳಿಸಿದಂತೆ ಚೆಕ್‌ರೋಲಿನಲ್ಲಿ ಬರೆದುಕೊಂಡ ಹೆಸರು ಒಂದು. ಪಡಿತರ ಚೀಟಿಯಲ್ಲಿ ಬಂದದ್ದು ಇನ್ನೊಂದು. ಆಧಾರ್ ಚೀಟಿಯಲ್ಲಿ ಮತ್ತೊಂದು. ವೃದ್ಧಾಪ್ಯ ವೇತನಕ್ಕೆ ಅರ್ಜಿ ಹಾಕುವಾಗ ಈ ಮೂವರೂ ಒಬ್ಬರೇ ಎಂದು ಅಫಿಡವಿಟ್ ಮಾಡಿಸಬೇಕಾಯಿತು. ಹೆಬ್ಬೆಟ್ಟು ಮಾತ್ರ ಎಲ್ಲ ಕಾಗದಗಳಲ್ಲೂ ಒಂದೇ ಇತ್ತು. ಅಂಥ ಮನೆಯಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ತನ್ನ ಹೆಸರನ್ನು ತಾನೇ ಆರಿಸಿ, ತನ್ನ ಕೈಯಿಂದಲೇ ಬರೆದವಳೂ ನಾನೇ ಮೊದಲು. ಆದಕಾರಣ ಆ ಚಿಕ್ಕ ಚೌಕವನ್ನು ನಾನು ಹಗುರವಾಗಿ ಕಾಣಲಾರೆ.

ನಮ್ಮ ಸಹಪಾಠಿಗಳು ಆ ಚೌಕದಲ್ಲಿ ಏನನ್ನು ತುಂಬಿದ್ದಾರೆ? ಹುಡುಗರಲ್ಲಿ ಅನೇಕರು 'ಮಲ್ನಾಡ್ ಹುಡ್ಗ'ರು. ಆ ಹೆಸರು ಮೊದಲೇ ಬೇರೆಯವರ ಪಾಲಾಗಿರುವುದರಿಂದ ಬಾಲಕ್ಕೆ 46 ಎಂಬ ಅಂಕಿ ಸೇರಿಸುತ್ತಾರೆ. ಸಕಲೇಶಪುರದ ವಾಹನಗಳ ನೋಂದಣಿ ಕೆಎ 46 ತಾನೆ! ಕೆಲವರು ನೆಚ್ಚಿನ ನಟನ ಹೆಸರಿನವರು. ಕೆಲವರು 'ಒಂಟಿ ಪಯಣಿಗ'ರು, ಬಸ್ಸಿನಲ್ಲಿ ಮಾತ್ರ ಐದಾರು ಮಂದಿ ಗೆಳೆಯರಿಲ್ಲದೆ ಹತ್ತುವವರಲ್ಲ. ಹುಡುಗಿಯರಲ್ಲಿ 'ಅಪ್ಪನ ಮಗಳು' ಹೆಚ್ಚು. ಹೂವಿನ ಹೆಸರುಗಳೂ ಬೇಕಾದಷ್ಟಿವೆ. ನನ್ನದೂ ಒಂದು ಹೂವೇ. ಇನ್ನೊಂದು ವಿಚಿತ್ರವನ್ನು ಗಮನಿಸಿ. ಇನ್‌ಸ್ಟಾಗ್ರಾಂನಲ್ಲಿ ಈ ಗುರುತಿನ ಹೆಸರನ್ನು ರೋಮನ್ ಅಕ್ಷರಗಳಲ್ಲಿಯೇ ಬರೆಯಬೇಕು. ಆ ಲಿಪಿಯಲ್ಲಿ ಬರೆದ ಯಸಳೂರಿನ 'ಳ'ಕಾರವನ್ನು ಹೊರಗಿನವರು 'ಲ' ಎಂದೇ ಓದುತ್ತಾರೆ. ಅದೇ ಪುಟದಲ್ಲಿ ಪೂರ್ಣ ಹೆಸರಿಗೆಂದು ಬಿಟ್ಟಿರುವ ಇನ್ನೊಂದು ಜಾಗದಲ್ಲಿ ಕನ್ನಡ ಬರೆಯಬಹುದು. ಎಷ್ಟು ಮಂದಿ ಬರೆಯುತ್ತೇವೆ?

ತಾನೇ ಹೆಸರಿಟ್ಟುಕೊಳ್ಳುವುದು ಕನ್ನಡಿಗರಿಗೆ ಹೊಸತಲ್ಲ. 12ನೆಯ ಶತಮಾನದ ಶರಣರು ತಮ್ಮ ವಚನಗಳಿಗೆ ಅಂಕಿತವಿಟ್ಟರು. ಬಸವಣ್ಣನವರದು ಕೂಡಲಸಂಗಮದೇವ, ಅಕ್ಕಮಹಾದೇವಿಯದು ಚೆನ್ನಮಲ್ಲಿಕಾರ್ಜುನ. ಕನಕದಾಸರ ಅಂಕಿತದಲ್ಲಿ ಕಾಗಿನೆಲೆಯ ಆದಿಕೇಶವನಿದ್ದಾನೆ. ಈಚಿನ ಕವಿಗಳ ಕಾವ್ಯನಾಮಗಳೂ ಅಷ್ಟೇ ಅರ್ಥವುಳ್ಳವು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು ಊರು, ತಂದೆ, ತಾನು ಈ ಮೂರನ್ನೂ 'ಕುವೆಂಪು' ಎಂಬ ಒಂದೇ ಪದದಲ್ಲಿ ಹಿಡಿದರು. ಶಾಲೆಯ ದಾಖಲೆಗಳೆಲ್ಲ ತಂದೆಯ ಹೆಸರನ್ನೇ ಕೇಳುತ್ತಿದ್ದ ಕಾಲದಲ್ಲಿ ಬೇಂದ್ರೆಯವರು ತಾಯಿಯ ಹೆಸರನ್ನು ಮುಂದಿಟ್ಟು 'ಅಂಬಿಕಾತನಯದತ್ತ'ರಾದರು. ನಮ್ಮ ಜಿಲ್ಲೆಯ ರಾಮಸ್ವಾಮಿ ಅಯ್ಯಂಗಾರ್ಯರನ್ನು ನಾಡು ಅವರ ಊರಿನ ಹೆಸರಿನಿಂದ, ಗೊರೂರು ಎಂದೇ ಕರೆಯಿತು. ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದ ನಂದಳಿಕೆ ಲಕ್ಷ್ಮೀನಾರಣಪ್ಪನವರದು ಇನ್ನೊಂದು ಬಗೆ. ತಾವು ಬರೆದುದನ್ನು ಹಳೆಯ ಕವಿಯ ಕೃತಿಯೆಂಬಂತೆ ಮೈಸೂರಿನ ಪತ್ರಿಕೆಗೆ ಕಳುಹಿಸಿದ ಸಂಕೋಚದ ಮನುಷ್ಯ ಅವರು. 1901ರಲ್ಲಿ, ಇನ್ನೂ ಎಳೆಯ ವಯಸ್ಸಿನಲ್ಲೇ ತೀರಿಕೊಂಡ ಅವರನ್ನು ಇಂದು ನಾವು ಮುದ್ದಣನೆಂದು ಓದುತ್ತೇವೆ. ತಮ್ಮ ಮಾತನ್ನು ಯಾರು ಕೇಳಿಯಾರು ಎಂಬ ಅಳುಕು ಇರುವವರಿಗೆ ಬೇರೊಂದು ಹೆಸರು ಆಸರೆಯಾಗುತ್ತದೆ. ಆ ಅಳುಕು ನಮ್ಮಂಥ ವಿದ್ಯಾರ್ಥಿಗಳಿಗೆ ಚೆನ್ನಾಗಿ ಗೊತ್ತು.

ಈಗ ಸ್ವಲ್ಪ ಕಹಿಯಾದ ಮಾತು. ಶಾಲೆಯ ದಾಖಲೆಯಲ್ಲಿ ಇಲ್ಲದ ಜಾತಿಯ ಹೆಸರನ್ನು ಮೊಬೈಲಿನ ಹೆಸರಿಗೆ ತಾವಾಗಿಯೇ ಅಂಟಿಸಿಕೊಳ್ಳುವ ಮಿತ್ರರು ಹೆಚ್ಚುತ್ತಿದ್ದಾರೆ. ಒಂದೇ ಬೆಂಚಿನಲ್ಲಿ ಕುಳಿತು ಬುತ್ತಿ ಹಂಚಿಕೊಂಡು ಉಂಡವರು ಮೊಬೈಲು ತೆರೆದೊಡನೆ ಬೇರೆ ಬೇರೆ ಕೇರಿಯವರಾಗುತ್ತಾರೆ. ಶರಣರ ಹೆಸರುಗಳಲ್ಲಿಯೂ ಕುಲದ ಕಸುಬು ಇರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಇತ್ತು. ಅಂಬಿಗರ ಚೌಡಯ್ಯನವರು ದೇವರ ಹೆಸರನ್ನು ಇಡದೆ 'ಅಂಬಿಗರ ಚೌಡಯ್ಯ' ಎಂಬ ತಮ್ಮ ಹೆಸರನ್ನೇ ಅಂಕಿತವಾಗಿಟ್ಟರು. ಆದರೆ ಲೋಕ ಕೀಳೆಂದು ಕಂಡ ಕೆಲಸವನ್ನು ಮುಂದಿಟ್ಟುಕೊಂಡು ತಲೆಯೆತ್ತಿ ನಿಲ್ಲುವುದು ಬೇರೆ, ಹುಟ್ಟಿನಿಂದ ಬಂದ ಮೇಲುತನವನ್ನು ಬಾವುಟದಂತೆ ಹಾರಿಸುವುದು ಬೇರೆ. ಅವಮಾನ ಉಂಡ ಕುಲದ ಹುಡುಗನೊಬ್ಬ ಇಂದು ಧೈರ್ಯದಿಂದ ತನ್ನ ಕುಲದ ಹೆಸರು ಬರೆದರೆ ಅದು ಚೌಡಯ್ಯನವರ ದಾರಿ. ಉಳಿದವರದು ಯಾವ ದಾರಿ ಎಂಬುದನ್ನು ಅವರವರೇ ಯೋಚಿಸಲಿ.

ಹೆಣ್ಣುಮಕ್ಕಳ ಮಾತು ಬೇರೆಯೇ ಇದೆ. ನಮ್ಮ ತರಗತಿಯಲ್ಲಿ ಸ್ವಂತ ಹೆಸರನ್ನೂ ಸ್ವಂತ ಭಾವಚಿತ್ರವನ್ನೂ ಹಾಕಿರುವ ಹುಡುಗಿಯರನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದು. ಹಾಕಿದ ಮರುದಿನವೇ ಗುರುತಿಲ್ಲದವರ ಸಂದೇಶಗಳು. ಆ ವಾರವೇ ಊರಿನಲ್ಲಿ ಮಾತು. ಆಮೇಲೆ ಮೊಬೈಲನ್ನೇ ಕಿತ್ತುಕೊಳ್ಳುವ ಮನೆಯವರು. ಓದು ನಿಂತರೂ ನಿಂತೀತು. ಆದ್ದರಿಂದ ನಾವು ಹೂಗಳಾಗುತ್ತೇವೆ, ಅಪ್ಪನ ಮಗಳಂದಿರಾಗುತ್ತೇವೆ. ಇದನ್ನು ಕಪಟವೆನ್ನುವವರಿಗೆ ಒಂದು ನೆನಪು. ಅನಸೂಯಾ ಶಂಕರ ಅವರು 'ತ್ರಿವೇಣಿ' ಎಂಬ ಹೆಸರಿನಲ್ಲಿ ಬರೆದರು. 1963ರಲ್ಲಿ ತೀರಿಕೊಳ್ಳುವವರೆಗೆ ಹೆಣ್ಣಿನ ಮನಸ್ಸಿನ ಕಷ್ಟಗಳನ್ನು ಕಾದಂಬರಿಗಳಲ್ಲಿ ಬಿಚ್ಚಿಟ್ಟರು. ಹೆಸರು ಬೇರೆಯಾದುದರಿಂದ ಅವರು ಬರೆದ ಸತ್ಯ ಸುಳ್ಳಾಗಲಿಲ್ಲ. ಇನ್ನೊಂದು ಕಡೆ ನಮ್ಮ ಹಾಸನದ ಬಾನು ಮುಷ್ತಾಕ್ ಅವರಿದ್ದಾರೆ. ವಿರೋಧವನ್ನು ಎದುರಿಸಿಯೂ ತಮ್ಮ ಹೆಸರಿನಲ್ಲೇ ಬರೆದು 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದರು. ಎರಡೂ ದಾರಿಗಳು ಮಾನವಂತ ದಾರಿಗಳೇ. ಯಾವುದನ್ನು ಹಿಡಿಯಬೇಕೆಂಬುದು ನಡೆಯುವವಳಿಗೆ ಬಿಟ್ಟದ್ದು.

ಹಾಗಾದರೆ ಮರೆಯ ಹೆಸರುಗಳೆಲ್ಲ ಒಳ್ಳೆಯವೇ? ಅಲ್ಲ. ಸಹಪಾಠಿಯೊಬ್ಬಳ ಚಿತ್ರದ ಕೆಳಗೆ ಹೊಲಸು ಬರೆಯುವವನಿಗೂ ಒಂದು ಸುಳ್ಳು ಹೆಸರು ಇರುತ್ತದೆ. ಇವೆರಡನ್ನು ಬೇರ್ಪಡಿಸುವ ಒರೆಗಲ್ಲು ನಮ್ಮ ಅಂಕಿತದ ಸಂಪ್ರದಾಯದಲ್ಲೇ ಇದೆ. ಅಂಕಿತವು ವಚನದ ಕೊನೆಯಲ್ಲಿ ಬರುತ್ತದೆ. ಹೇಳಿದ ಮಾತಿಗೆಲ್ಲ ಈ ಹೆಸರೇ ಸಾಕ್ಷಿ ಎಂದು ಅದರ ಅರ್ಥ. ಮಾತಿಗೆ ಹೊಣೆಯಾಗಿ ನಿಲ್ಲುವ ಹೆಸರು ಯಾವುದೇ ಇರಲಿ, ಅದು ಅಂಕಿತ. ಮಾತಾಡಿ ಓಡಿಹೋಗಲು ಇಟ್ಟುಕೊಂಡದ್ದು ಬರೀ ಮುಸುಕು.

ಕಡೆಯದಾಗಿ ಅಂತಿಮ ವರ್ಷದ ಮಿತ್ರರಿಗೆ ಒಂದು ಬಿನ್ನಹ. ಇನ್ನು ಕೆಲವೇ ತಿಂಗಳಲ್ಲಿ ನಾವು ಕೆಲಸಕ್ಕೆ ಅರ್ಜಿ ಹಾಕುವವರು. ಅರ್ಜಿಯ ಮೇಲ್ತುದಿಯಲ್ಲಿ ಇಮೇಲ್ ವಿಳಾಸ ಬರೆಯಬೇಕಾಗುತ್ತದೆ. ಹತ್ತನೆಯ ತರಗತಿಯಲ್ಲಿ ತಮಾಷೆಗೆ ಇಟ್ಟುಕೊಂಡ ಹೆಸರನ್ನು ಅಪರಿಚಿತ ಅಧಿಕಾರಿಯೊಬ್ಬರು ಗಟ್ಟಿಯಾಗಿ ಓದಿದರೆ ಹೇಗಿರುತ್ತದೆಂದು ಒಮ್ಮೆ ಕೇಳಿಸಿಕೊಳ್ಳಿ. ಊರಿನ ಹೆಸರಿರಲಿ, ತಾಯಿಯ ಹೆಸರಿರಲಿ, ಹೂವಿನ ಹೆಸರೇ ಇರಲಿ. ಕರೆದಾಗ 'ಹೌದು, ನಾನೇ' ಎಂದು ಎದ್ದು ನಿಲ್ಲುವಂತಿರಲಿ. ನಮ್ಮ ಅಜ್ಜಿಯರಿಗೆ ಆ ಅವಕಾಶವಿರಲಿಲ್ಲ. ನಮಗೆ ದೊರೆತಿದೆ, ಅದನ್ನು ಹಾಳುಮಾಡಿಕೊಳ್ಳದಿರೋಣ.