ಚೀಲದ ಚಿಂತೆಯಲ್ಲಿ ಬಾಯಿಯನ್ನು ಮರೆಯದಿರೋಣ

ಹೋಟೆಲಿನ ಗಲ್ಲೆಯಲ್ಲಿ ಬಹುಕಾಲ ಕುಳಿತ ನಮಗೆ, ಗಿರಾಕಿಯು ತಟ್ಟೆಯಲ್ಲಿ ಬಿಟ್ಟುದನ್ನು ನೋಡಿ ಆತನ ಆರೋಗ್ಯವನ್ನು ಊಹಿಸುವ ಅಭ್ಯಾಸವುಂಟು. ಹಿಂದೆ ನಮ್ಮ ಅಡಿಗೆಮನೆಯಲ್ಲಿ ದುಡಿದ ಹಿರಿಯರೊಬ್ಬರು ಮೊನ್ನೆ ಬಂದಿದ್ದರು. ಊಟ ಬೇಡವೆಂದರು, ಚಹದಲ್ಲಿ ಬಿಸ್ಕೀಟು ಅದ್ದಿ ತಿಂದರು, ನೀರನ್ನು ಮುಟ್ಟಲಿಲ್ಲ. ವಿಚಾರಿಸಲಾಗಿ, ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿ ಹೊಟ್ಟೆಗೆ ಚೀಲ ಹಾಕಿರುವರೆಂದು ಮೆಲ್ಲನೆ ತಿಳಿಸಿದರು. “ತಿಂದರೆ ಚೀಲ ತುಂಬುತ್ತದೆ ಧಣಿಗಳೇ, ಲೋಕಲ್ ಗಾಡಿಯಲ್ಲಿ ಮಾನ ಹೋಗುತ್ತದೆ” ಎಂದರು. ಅವರ ನಾಲಗೆ ಒಣಗಿತ್ತು. ಉಳಿದ ಹಲ್ಲುಗಳು ಅಲುಗಾಡುತ್ತಿದ್ದುವು.

ದೊಡ್ಡ ಕರುಳಿನ ಒಂದು ಭಾಗವನ್ನು ಹೊಟ್ಟೆಯ ಮೇಲೆ ತೆರೆದು, ಮಲವು ಚೀಲಕ್ಕೆ ಬೀಳುವಂತೆ ಮಾಡುವ ಈ ಏರ್ಪಾಡಿಗೆ ಕೊಲೊಸ್ಟಮಿ ಎಂದು ಹೆಸರು. ಅದು ಪ್ರಾಣವನ್ನುಳಿಸುವ ಉಪಾಯವೇ ಹೊರತು ಹಲ್ಲನ್ನು ಕೆಡಿಸುವಂಥದಲ್ಲ. ಕೆಡಿಸುವುದು ಅದರ ಭಯ. ನೀರು ಕಡಿಮೆಯಾದಂತೆ ಎಂಜಲು ಒಣಗುತ್ತದೆ. ಹಲ್ಲನ್ನು ತೊಳೆದು ಕಾಯುವ ಎಂಜಲಿಲ್ಲದಿದ್ದರೆ ಹುಳುಕು, ಬಾಯಿಹುಣ್ಣು, ಕಟ್ಟಿಸಿದ ಹಲ್ಲಿನಡಿ ಗಾಯ ತಪ್ಪಿದ್ದಲ್ಲ. ಕೀಮೊಥೆರಪಿಯೂ ಮುಪ್ಪಿನ ಹಲವು ಮಾತ್ರೆಗಳೂ ಬಾಯನ್ನು ಮತ್ತಷ್ಟು ಒಣಗಿಸುತ್ತವೆ. ಚೀಲವನ್ನು ಬದಲಿಸುವುದರಲ್ಲೇ ದಣಿದ ಕೈಗೆ ಬ್ರಶ್ಶು ಭಾರವಾಗುತ್ತದೆ.

ಮುಂದಿನ ಕಷ್ಟ ಇನ್ನೂ ದೊಡ್ಡದು. ಅಗಿಯಲಾಗದವನು ಪಲ್ಯವನ್ನು ಬಿಡುತ್ತಾನೆ, ಮಲಬದ್ಧತೆಗೆ ತುತ್ತಾಗುತ್ತಾನೆ. ಮೈ ಬಡವಾದರೆ ಹೊಟ್ಟೆಯ ಆಕಾರ ಬದಲಾಗಿ, ಚೀಲ ಸರಿಯಾಗಿ ಅಂಟದೆ ಸೋರುತ್ತದೆ. ಸೋರಿಕೆಯಿಂದ ಭಯ, ಭಯದಿಂದ ಉಪವಾಸ. ಹೀಗೆ ಚಕ್ರ ತಿರುಗುತ್ತಲೇ ಇರುತ್ತದೆ.

ಇದನ್ನು ತಡೆಯುವುದು ಬಾಯಿಯಿಂದಲೇ ಆರಂಭವಾಗಬೇಕು. ಗಾಯ ಮಾಗಿದ ಮೇಲೆ ಹೆಚ್ಚಿನವರು ಸಾಮಾನ್ಯ ಊಟವನ್ನೇ ಮಾಡಬಹುದು. ಹೃದಯ ಅಥವಾ ಮೂತ್ರಪಿಂಡದ ಕಾರಣಕ್ಕೆ ವೈದ್ಯರು ತಡೆಯದಿದ್ದಲ್ಲಿ ನೀರನ್ನು ಧಾರಾಳವಾಗಿ ಕುಡಿಯಬೇಕು. ಫ್ಲೋರೈಡ್ ಪೇಸ್ಟಿನಿಂದ ದಿನಕ್ಕೆ 2 ಸಲ ಹಲ್ಲುಜ್ಜಬೇಕು. ಕಟ್ಟಿಸಿದ ಹಲ್ಲನ್ನು ರಾತ್ರಿ ತೆಗೆದಿಡಬೇಕು. ಹೊಗೆಸೊಪ್ಪಿನ ತಾಂಬೂಲವನ್ನು ಬಿಡಬೇಕು. ಹಲ್ಲು ಕೀಳಿಸುವ ಮುನ್ನ ಕೀಮೊಥೆರಪಿ, ರಕ್ತ ತೆಳುವಾಗಿಸುವ ಮಾತ್ರೆ, ಎಲುಬಿಗೆ ಕೊಡುವ ಚುಚ್ಚುಮದ್ದು ಇವನ್ನೆಲ್ಲ ದಂತವೈದ್ಯರಿಗೆ ಸಂಕೋಚವಿಲ್ಲದೆ ಹೇಳಬೇಕು.

ಆಶ್ರಯವು ನಮ್ಮ ನಗರದಲ್ಲೇ ಇದೆ. 1941ರಲ್ಲಿ ಪರೇಲಿನಲ್ಲಿ ತೆರೆದ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಚೀಲದ ಆರೈಕೆಯನ್ನು ಕಲಿಸುವ ದಾದಿಯರಿದ್ದಾರೆ. ಹಲ್ಲಿಗೆ ಮುಂಬಯಿ ಸೆಂಟ್ರಲಿನಲ್ಲಿ ನಗರಪಾಲಿಕೆಯ ನಾಯರ್ ದಂತ ಕಾಲೇಜೂ, ಸಿ.ಎಸ್.ಎಂ.ಟಿ. ಬಳಿ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿ ಸರಕಾರಿ ದಂತ ಕಾಲೇಜೂ ಇವೆ.

ಹೋಟೆಲು ಮಾಲಕರಲ್ಲಿ ನಮ್ಮದೊಂದು ವಿನಂತಿ. ಇಂಥವರು ಬಂದು ಪಾಯಿಖಾನೆ ಕೇಳಿದರೆ ಬೀಗ ತೋರಿಸಬೇಡಿ. ಒಂದು ನಳ, ಸಾಮಾನಿಡಲು ಒಂದು ಮೊಳೆ, ಒಳಗಿಂದ ಭದ್ರವಾದ ಚಿಲಕ, ಇಷ್ಟು ಸಾಕು. ಚೀಲ ಬರಿದುಮಾಡಲು ಜಾಗವಿದೆಯೆಂಬ ಧೈರ್ಯವಿದ್ದವನು ಹೊಟ್ಟೆ ತುಂಬ ಉಣ್ಣುತ್ತಾನೆ. ಒಂದು ಕಾಲಕ್ಕೆ ನಾವೂ ಆ ಬೀಗವನ್ನು ಹಾಕಿದವರೇ ಎಂದು ನಾಚಿಕೆಯಿಂದ ಒಪ್ಪುತ್ತೇವೆ. ಸಾವಿರಾರು ಜನರಿಗೆ ಬಡಿಸಿದ ಆ ಕೈಗಳು ಮುಪ್ಪಿನಲ್ಲಿ ಒಂದು ಲೋಟ ನೀರಿಗೆ ಹೆದರುವಂತಾಗಬಾರದು.